ಸರ್ವರ್ ಡಿಸ್ಕಿನ ಯಥಾಪ್ರತಿ: ಏಕೆ, ಹೇಗೆ

2022ನೆಯ ಇಸವಿ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕ ವ್ಯವಸ್ಥೆ ಸ್ತಬ್ಧವಾಯಿತು. ರೋಗಿಗಳ ನೋಂದಣಿ, ದಾಖಲಾತಿ, ಬಿಡುಗಡೆ ಮುಂತಾದ ಕೆಲಸಗಳನ್ನು ಸಿಬ್ಬಂದಿ ಕೈಬರಹದಲ್ಲಿಯೇ ನಿರ್ವಹಿಸಬೇಕಾಯಿತು. ದುಷ್ಕರ್ಮಿಗಳು ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸಿದ್ದರೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ದಾಳಿಗೆ ಸಿಲುಕದ ಒಂದು ಬ್ಯಾಕಪ್ ಸರ್ವರ್ ಮಾತ್ರ ಸುರಕ್ಷಿತವಾಗಿ ಉಳಿದಿತ್ತು. ಇ-ಹಾಸ್ಪಿಟಲ್ ವ್ಯವಸ್ಥೆಯ ಮಾಹಿತಿಯನ್ನು ಅದರಿಂದ ಪಡೆದು ಹೊಸ ಸರ್ವರುಗಳಿಗೆ ತುಂಬಲಾಯಿತು. ಹಾಗಿದ್ದೂ ಬಹುತೇಕ ಸೇವೆಗಳು ಪುನರಾರಂಭವಾಗಲು ಎರಡು ವಾರ ಹಿಡಿಯಿತು.

ಮಾಹಿತಿ ಉಳಿದಿರುವುದು ಬೇರೆ, ಯಂತ್ರ ಮತ್ತೆ ಕೆಲಸಕ್ಕೆ ನಿಲ್ಲುವುದು ಬೇರೆ. ಸರ್ವರೊಂದರ ಡಿಸ್ಕಿನಲ್ಲಿ ಇರುವುದು ಕಡತಗಳಷ್ಟೇ ಅಲ್ಲ. ಯಂತ್ರವನ್ನು ಎಚ್ಚರಗೊಳಿಸುವ ಪ್ರಾರಂಭಿಕ ಭಾಗ, ಡಿಸ್ಕಿನ ವಿಭಾಗಗಳ ಪಟ್ಟಿ, ಕಾರ್ಯಾಚರಣ ವ್ಯವಸ್ಥೆ, ಯಾರಿಗೆ ಯಾವ ಕಡತ ತೆರೆಯುವ ಅಧಿಕಾರವಿದೆ ಎಂಬ ವಿವರ, ವರ್ಷಗಟ್ಟಲೆ ಒಬ್ಬರಾದ ಮೇಲೊಬ್ಬರು ಮಾಡುತ್ತ ಬಂದ ಹೊಂದಾಣಿಕೆಗಳು, ಇವೆಲ್ಲವೂ ಅಲ್ಲಿಯೇ ಇರುತ್ತವೆ. ಕಡತಗಳನ್ನು ಮಾತ್ರ ನಕಲು ಮಾಡಿಟ್ಟುಕೊಂಡವರು ಉಳಿದುದನ್ನು ನೆನಪಿನಿಂದ ಕಟ್ಟಬೇಕಾಗುತ್ತದೆ. ಕಟ್ಟಿದವರು ವರ್ಗವಾಗಿ ಹೋಗಿದ್ದರಂತೂ ಆ ಕೆಲಸಕ್ಕೆ ಕೊನೆಯೇ ಇರುವುದಿಲ್ಲ. ಇಡೀ ಡಿಸ್ಕಿನ ಪ್ರತಿಯ ಉಪಯೋಗ ಇಲ್ಲಿದೆ.

ಎರಡು ಡಿಸ್ಕುಗಳನ್ನು ಜೋಡಿಸಿ, ಒಂದರಲ್ಲಿ ಬರೆದುದು ತಕ್ಷಣವೇ ಇನ್ನೊಂದರಲ್ಲಿಯೂ ಮೂಡುವಂತೆ ಮಾಡುವ ರೇಡ್ ಏರ್ಪಾಟನ್ನು ಅನೇಕರು ಬ್ಯಾಕಪ್ ಎಂದೇ ಭಾವಿಸುತ್ತಾರೆ. ಇದು ತಪ್ಪು. ಒಂದು ಡಿಸ್ಕು ಕೆಟ್ಟರೆ ಆ ಏರ್ಪಾಟು ನೆರವಿಗೆ ಬರುತ್ತದೆ, ನಿಜ. ಆದರೆ ಗುಮಾಸ್ತರೊಬ್ಬರು ಆಕಸ್ಮಿಕವಾಗಿ ಕಡತವನ್ನು ಅಳಿಸಿದರೆ ಅದು ಎರಡೂ ಕಡೆ ಅದೇ ಕ್ಷಣ ಅಳಿಸಿಹೋಗುತ್ತದೆ.

ಪ್ರತಿ ತೆಗೆಯುವ ಕ್ರಮಗಳು ಮುಖ್ಯವಾಗಿ ಎರಡು. ಡಿಸ್ಕಿನ ಸಮಸ್ತವನ್ನೂ ಒಂದು ದೊಡ್ಡ ಕಡತವಾಗಿ ಮತ್ತೊಂದೆಡೆ ಇಡುವುದು ಮೊದಲನೆಯದು. ಇದನ್ನು ಇಮೇಜ್ ಎನ್ನುತ್ತಾರೆ. ಡಿಸ್ಕಿನಿಂದ ಡಿಸ್ಕಿಗೆ ನೇರವಾಗಿ ಇಳಿಸಿ, ಮೂಲದ ಸ್ಥಾನದಲ್ಲಿ ಹಾಗೆಯೇ ಕೂರಿಸಬಲ್ಲ ಜೋಡಿಯನ್ನು ತಯಾರಿಸುವುದು ಎರಡನೆಯದು. ಇದು ಕ್ಲೋನ್. ಕ್ಲೋನಿಗೆ ಬಳಸುವ ಡಿಸ್ಕು ಸಾಮಾನ್ಯವಾಗಿ ಮೂಲದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಗಾತ್ರದ್ದಾಗಿರಬೇಕು. ಇಮೇಜನ್ನು ಸಂಕುಚಿಸಿ ಇಡಬಹುದು, ಹಲವು ದಿನಾಂಕಗಳ ಪ್ರತಿಗಳನ್ನು ಒಂದೇ ಕಡೆ ಇರಿಸಬಹುದು. ಹಳೆಯ ದಿನಾಂಕದ ಪ್ರತಿಗಳು ಏಕೆ ಬೇಕೆಂದರೆ, ದುಷ್ಟ ತಂತ್ರಾಂಶ ವಾರಗಟ್ಟಲೆ ಅಡಗಿದ್ದು ಆನಂತರ ಹಾನಿ ಮಾಡುವುದುಂಟು. ನಿನ್ನೆಯ ಪ್ರತಿಯಲ್ಲಿ ಅದೂ ಸೇರಿಕೊಂಡಿರಬಹುದು.

ಯುನಿಕ್ಸ್ ಪರಂಪರೆಯ ‘ಡಿಡಿ’ ಎಂಬ ಆದೇಶ ಡಿಸ್ಕಿನ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ, ಖಾಲಿ ಜಾಗವನ್ನೂ ಬಿಡದೆ ನಕಲಿಸುತ್ತದೆ. ತೈವಾನಿನಲ್ಲಿ ರೂಪುಗೊಂಡ, ಉಚಿತವಾಗಿ ದೊರೆಯುವ ‘ಕ್ಲೋನ್‌ಜಿಲ್ಲಾ’ ಬಳಕೆಯಲ್ಲಿರುವ ಭಾಗಗಳನ್ನಷ್ಟೇ ಗುರುತಿಸಿ ನಕಲಿಸುವುದರಿಂದ ಸಮಯ ಉಳಿಯುತ್ತದೆ. ಸಮಯದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳಿತು. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಒಂದು ಟೆರಾಬೈಟ್ ಸಾಗಲು ಹತ್ತು ಸಾವಿರ ಸೆಕೆಂಡು, ಅಂದರೆ ಎರಡು ಮುಕ್ಕಾಲು ಗಂಟೆಗೂ ತುಸು ಹೆಚ್ಚು ಬೇಕು. ಅದೇ ಕೆಲಸವನ್ನು ಹಳೆಯ ಯುಎಸ್‌ಬಿ 2.0 ಕಿಂಡಿಯ ಮೂಲಕ ಮಾಡಹೊರಟರೆ ಎಂಟು ಗಂಟೆ ಮೀರುವುದು ಸಹಜ. ಸಂಜೆ ಐದಕ್ಕೆ ಆರಂಭಿಸಿ ಆರಕ್ಕೆ ಮನೆಗೆ ಹೊರಡುವ ಯೋಜನೆ ಇಲ್ಲಿ ನಡೆಯದು.

ಡಿಡಿ ಆದೇಶಕ್ಕೆ ಒಂದು ಭಯಂಕರ ಗುಣವಿದೆ: ಅದು ಏನನ್ನೂ ಕೇಳುವುದಿಲ್ಲ. ಮೂಲ ಯಾವುದು, ಗುರಿ ಯಾವುದು ಎಂದು ಬರೆಯುವಲ್ಲಿ ಎರಡು ಹೆಸರುಗಳು ಅದಲುಬದಲಾದರೆ ಖಾಲಿ ಡಿಸ್ಕಿನ ಶೂನ್ಯವನ್ನೇ ತುಂಬಿದ ಡಿಸ್ಕಿನ ಮೇಲೆ ನಿಷ್ಠೆಯಿಂದ ಬರೆದು ಮುಗಿಸುತ್ತದೆ. ಆದುದರಿಂದ ಆದೇಶ ಕೊಡುವ ಮುನ್ನ ಡಿಸ್ಕುಗಳ ಗಾತ್ರವನ್ನೂ ಅವುಗಳ ಮೇಲೆ ಮುದ್ರಿತವಾದ ಕ್ರಮಸಂಖ್ಯೆಯನ್ನೂ ಪರದೆಯ ಮೇಲಿನ ವಿವರದೊಡನೆ ತಾಳೆ ನೋಡಬೇಕು. ಸಾಧ್ಯವಾದರೆ ಇನ್ನೊಬ್ಬರಿಂದ ಓದಿಸಬೇಕು.

ಸರ್ವರ್ ಕೆಲಸ ಮಾಡುತ್ತಿರುವಾಗಲೇ ಪ್ರತಿ ತೆಗೆಯುವುದು ಮತ್ತೊಂದು ತೊಡಕು. ಲೆಕ್ಕದ ಪುಸ್ತಕದಲ್ಲಿ ಒಬ್ಬರು ಬರೆಯುತ್ತಿರುವಂತೆಯೇ ಮತ್ತೊಬ್ಬರು ಪುಟಪುಟವಾಗಿ ನಕಲು ಮಾಡಿದರೆ, ಮೊದಲ ಪುಟದಲ್ಲಿ ಖರ್ಚು ಕಾಣದೆ ಕೊನೆಯ ಪುಟದಲ್ಲಿ ಅದನ್ನು ಕಳೆದ ಶಿಲ್ಕು ಮಾತ್ರ ಕಾಣಬಹುದು. ದತ್ತಸಂಚಯಗಳಿಗೂ ಇದೇ ಗತಿ. ಯಂತ್ರವನ್ನು ನಿಲ್ಲಿಸಿ, ಪೆನ್‌ಡ್ರೈವಿನಿಂದ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಆರಂಭಿಸಿ ನಕಲಿಸುವುದೇ ನಿರ್ಭಯವಾದ ದಾರಿ. ನಿಲ್ಲಿಸಲಾಗದ ಸರ್ವರುಗಳಲ್ಲಿ ಡಿಸ್ಕಿನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ‘ಸ್ನಾಪ್‌ಶಾಟ್’ ಸೌಲಭ್ಯವನ್ನು ಬಳಸುತ್ತಾರೆ. ದತ್ತಸಂಚಯದ ಬ್ಯಾಕಪನ್ನು ಅದರದೇ ಸಾಧನದಿಂದ ಪ್ರತ್ಯೇಕವಾಗಿಯೂ ತೆಗೆದಿಡುವುದು ಲೇಸು.

ಓಲೆಗರಿಯ ಕಾಲದ ಲಿಪಿಕಾರರು ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಗ್ರಂಥದ ಕೊನೆಯಲ್ಲಿ ಬಿನ್ನವಿಸಿಕೊಳ್ಳುತ್ತಿದ್ದರು. ಡಿಸ್ಕಿನ ಪ್ರತಿಯನ್ನು ಓದುವ ಯಂತ್ರಕ್ಕೆ ಆ ಔದಾರ್ಯವಿಲ್ಲ. ಆದುದರಿಂದ ನಿಲ್ಲಿಸಿದ ಡಿಸ್ಕಿನಿಂದ ಪೂರ್ಣ ಪ್ರತಿ ತೆಗೆದಾಗ ಮೂಲಕ್ಕೂ ಪ್ರತಿಗೂ ‘ಎಸ್‌ಎಚ್‌ಎ-256’ರಂತಹ ವಿಧಾನದಿಂದ ತಾಳೆಸಂಖ್ಯೆ ತೆಗೆದು ಹೋಲಿಸಬೇಕು. ಒಂದೇ ಒಂದು ಬಿಟ್ ವ್ಯತ್ಯಾಸವಾಗಿದ್ದರೂ ಸಂಖ್ಯೆ ಪೂರ್ತಿ ಬೇರೆಯಾಗಿ ಕಾಣುತ್ತದೆ.

ಪ್ರತಿಯನ್ನು ಎಲ್ಲಿ ಇಡಬೇಕು? 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯೋನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇರಿಸುತ್ತಿದ್ದ ‘ಜಿ-ಡ್ರೈವ್’ ಸಂಗ್ರಹದ 858 ಟೆರಾಬೈಟ್ ನಾಶವಾಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣದಿಂದ ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ ಎಂಬ ಸೂತ್ರ ಬಲ್ಲವರಲ್ಲಿ ಬಳಕೆಯಲ್ಲಿದೆ. ಅವುಗಳಲ್ಲಿ ಒಂದಾದರೂ ಜಾಲದಿಂದ ಕಳಚಿಟ್ಟದ್ದಾಗಿರಬೇಕು. ಸದಾ ಜೋಡಿಸಿಯೇ ಇರುವ ಡಿಸ್ಕನ್ನು ಸುಲಿಗೆ ತಂತ್ರಾಂಶ ಮೂಲದೊಡನೆಯೇ ಗೂಢಲಿಪಿಗೆ ತಿರುಗಿಸಬಲ್ಲದು.

ಕ್ಲೋನ್ ಮಾಡಿದ ಡಿಸ್ಕನ್ನು ಮೂಲದೊಡನೆ ಅದೇ ಯಂತ್ರದಲ್ಲಿ ಬಿಟ್ಟು ಪುನಃ ಆರಂಭಿಸಬಾರದು. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವ್ಯವಸ್ಥೆ ಯಾವುದನ್ನು ಹಿಡಿಯುವುದೋ ಹೇಳಬರುವುದಿಲ್ಲ. ಬೇರೊಂದು ಸರ್ವರಿನಲ್ಲಿ ಬಳಸುವುದಾದರೆ ಯಂತ್ರದ ಹೆಸರು, ಜಾಲದ ವಿಳಾಸ ಮತ್ತು ಗುಪ್ತ ಕೀಲಿಗಳನ್ನು ಬದಲಿಸಿದ ಮೇಲೆಯೇ ಜಾಲಕ್ಕೆ ಸೇರಿಸಬೇಕು.

ಇಷ್ಟೆಲ್ಲ ಮಾಡಿದವರೂ ಸಾಮಾನ್ಯವಾಗಿ ಮರೆಯುವುದು ಪರೀಕ್ಷೆಯನ್ನು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ರಾತ್ರಿಯ ಆಯಾಸದಲ್ಲಿ ಒಂದು ಸರ್ವರಿನ ಬದಲು ಮತ್ತೊಂದರಲ್ಲಿ ಅಳಿಸುವ ಆದೇಶ ಕೊಟ್ಟರು. ಸುಮಾರು 300 ಗಿಗಾಬೈಟ್ ದತ್ತಸಂಚಯ ಕ್ಷಣಗಳಲ್ಲಿ ಮಾಯವಾಯಿತು. ಹುಡುಕಿದಾಗ ನಿತ್ಯದ ಬ್ಯಾಕಪ್, ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿದ್ದುದು ಬೆಳಕಿಗೆ ಬಂತು. ಆ ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗುತ್ತಿದ್ದುವು. ಬೇರೊಂದು ಕೆಲಸಕ್ಕಾಗಿ ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನಾಪ್‌ಶಾಟ್ ಅವರನ್ನು ಉಳಿಸಿತು. ನಡುವಿನ ಆರು ಗಂಟೆಯ ದತ್ತಾಂಶ ಮರಳಲಿಲ್ಲ. ಸಂಸ್ಥೆ ಈ ವೃತ್ತಾಂತವನ್ನು ಮುಚ್ಚಿಡದೆ ತಾನೇ ಪ್ರಕಟಿಸಿತೆಂಬುದು ಮೆಚ್ಚತಕ್ಕ ಸಂಗತಿ.

ಪರೀಕ್ಷೆಗೆ ವಿಶೇಷ ಸಲಕರಣೆ ಬೇಕಿಲ್ಲ. ಮೂರು ತಿಂಗಳಿಗೊಮ್ಮೆ, ಜಾಲದಿಂದ ಬೇರ್ಪಡಿಸಿದ ಒಂದು ಹಳೆಯ ಯಂತ್ರಕ್ಕೆ ಇಮೇಜನ್ನು ಇಳಿಸಿ, ಅದು ಆರಂಭವಾಗುತ್ತದೆಯೇ, ನಿನ್ನೆಯ ನಮೂದು ತೆರೆಯುತ್ತದೆಯೇ ಎಂದು ನೋಡಬೇಕು. ಹಿಡಿದ ಸಮಯವನ್ನು ಗುರುತು ಹಾಕಿಕೊಳ್ಳಬೇಕು. ಪ್ರತಿ ತೆಗೆದ ದಿನಾಂಕ, ಯಂತ್ರದ ಹೆಸರು, ಬಳಸಿದ ಸಾಧನ ಮತ್ತು ಅದರ ಆವೃತ್ತಿಯನ್ನು ಕಾಗದದ ಮೇಲೆ ಬರೆದು ಡಿಸ್ಕಿಗೆ ಅಂಟಿಸಬೇಕು. ಗೂಢಲಿಪಿಯಲ್ಲಿಟ್ಟ ಪ್ರತಿಯಾದರೆ ಅದರ ಕೀಲಿಯನ್ನು ಅದೇ ಸರ್ವರಿನಲ್ಲಿ ಇಡದೆ ಬೇರೊಂದು ಕಪಾಟಿನಲ್ಲಿ, ಇಬ್ಬರು ಜವಾಬ್ದಾರರಿಗೆ ತಿಳಿದಿರುವಂತೆ ಇಡಬೇಕು.