ಚಟವನ್ನು ಮುಚ್ಚಿಡಬಹುದು, ಕೆಮ್ಮನ್ನಲ್ಲ

(ಕೊಟ್ಟಿಗೆಹಾರದಲ್ಲಿ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾದಕ ವ್ಯಸನದ ಬಗ್ಗೆ ಮಾತೆತ್ತಿದೊಡನೆ ನಾವು ಪೊಲೀಸ್, ಜೈಲು, ಮರ್ಯಾದೆ ಎಂಬ ಮೂರು ಪದಗಳ ಸುತ್ತಲೇ ತಿರುಗುತ್ತೇವೆ. ವ್ಯಸನದ ಬೆನ್ನಿಗೇ ಮನೆಯೊಳಗೆ ಬರಬಹುದಾದ ಕ್ಷಯರೋಗದ ಕುರಿತು ಮಾತ್ರ ಮೌನ ವಹಿಸುತ್ತೇವೆ.

ಕ್ಷಯ ಹರಡುವುದು ಗಾಳಿಯ ಮೂಲಕ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ಹೊರಬೀಳುವ ಸೂಕ್ಷ್ಮ ಕಣಗಳು ಇತರರ ಉಸಿರನ್ನು ಸೇರುತ್ತವೆ. ತಟ್ಟೆ, ಬಟ್ಟೆ, ಹಸ್ತಲಾಘವಗಳಿಂದ ಅದು ಹರಡದು. ಬಿಸಿಲು ಮತ್ತು ಗಾಳಿಯಾಡುವ ಕೋಣೆ ಅದರ ಶತ್ರುಗಳು. ಆದರೆ ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಈ ಊರಿನಲ್ಲಿ ಮಳೆಗಾಲವೆಂದರೆ ಕಿಟಕಿ ಮುಚ್ಚಿದ ತಿಂಗಳುಗಳು. ಲೈನ್ ಮನೆಯ ಒಂದೇ ಕೋಣೆಯಲ್ಲಿ ಇಡೀ ಕುಟುಂಬ ಮಲಗುವುದುಂಟು. ಗಾಂಜಾ ಸೇದುವ ಗುಂಪಂತೂ ಜನರ ಕಣ್ಣು ತಪ್ಪಿಸಲೆಂದೇ ಮುಚ್ಚಿದ ಕೋಣೆಯನ್ನು ಹುಡುಕುತ್ತದೆ. ಅಲ್ಲಿ ಒಬ್ಬನ ಕೆಮ್ಮು ಎಲ್ಲರ ಉಸಿರಾಗುತ್ತದೆ.

ರೋಗಾಣು ಒಳಹೊಕ್ಕ ನೂರು ಮಂದಿಯಲ್ಲಿ ಸಾಮಾನ್ಯವಾಗಿ 5ರಿಂದ 10 ಮಂದಿಗಷ್ಟೇ ಜೀವಮಾನದಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ಊಟ ಬಿಟ್ಟು ಸೊರಗಿದ ವ್ಯಸನಿಗೆ ಈ ಅಪಾಯ ಹೆಚ್ಚು. ಒಂದೇ ಸೂಜಿಯನ್ನು ಹಂಚಿಕೊಂಡು ಎಚ್‌ಐವಿ ತಗಲಿದರೆ ಅದು ಹಲವು ಪಟ್ಟು ಏರುತ್ತದೆ.

ಇನ್ನೊಂದು ಮೋಸವಿದೆ. ಸೇದುವವನ ಕೆಮ್ಮನ್ನು ಹೊಗೆಯ ಕೆಮ್ಮೆಂದು ನಾವು ತಳ್ಳಿಹಾಕುತ್ತೇವೆ. ಕೋಡೀನ್ ಸಿರಪ್ ಹಾಗೂ ಅಫೀಮಿನ ವರ್ಗದ ಮಾದಕಗಳು ಕೆಮ್ಮನ್ನೇ ಅಡಗಿಸುತ್ತವೆ. ಶ್ವಾಸಕೋಶ ಒಳಗೊಳಗೇ ಸವೆಯುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಅರಸಿ ಹೋಗಿದ್ದರೆಂದು ಅದು ತೋರಿಸಿತು. ಹಳ್ಳಿಯ ಬಡವನು ರೋಗವನ್ನು ಬಲ್ಲ, ಆಸ್ಪತ್ರೆಗೂ ಬರುತ್ತಾನೆ. ಹಾಗಾದರೆ ನಮ್ಮ ವ್ಯಸನಿ ಯುವಕನನ್ನು ತಡೆಯುತ್ತಿರುವುದು ಅಜ್ಞಾನವೇ? ಅಲ್ಲ, ಭಯ ಮತ್ತು ನಾಚಿಕೆ. ಅದರ ಬೆಲೆಯನ್ನು ಅವನ ಜೊತೆಗೆ ಮನೆಯ ಮಕ್ಕಳೂ ತೆರಬೇಕಾಗುತ್ತದೆ.

ಆದ್ದರಿಂದ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ ಕಂಡರೆ ವಿಚಾರಣೆ ಬೇಡ, ಮೊದಲು ಕಫ ಪರೀಕ್ಷೆಯಾಗಲಿ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಪೌಷ್ಟಿಕ ಆಹಾರಕ್ಕಾಗಿ ನೀಡುವ ನೆರವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ನಡುವೆ ಬಿಟ್ಟರೆ ಮದ್ದಿಗೆ ಬಗ್ಗದ ಕ್ಷಯ ಹುಟ್ಟಬಹುದು. ಚಟದ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ಕ್ಷಯದ ಕೆಲವು ಮಾತ್ರೆಗಳು ಯಕೃತ್ತಿಗೆ ಭಾರ. ರಿಫಾಂಪಿಸಿನ್, ವ್ಯಸನಮುಕ್ತಿಗೆ ನೀಡುವ ಮೆಥಡೋನ್‌ನ ಪ್ರಭಾವವನ್ನೂ ತಗ್ಗಿಸುತ್ತದೆ.

ಕಾನೂನು ಸಹ ಬಾಗಿಲು ತೆರೆದಿಟ್ಟಿದೆ. 1985ರ ಮಾದಕದ್ರವ್ಯ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿಗೊಳಿಸಿದರೆ ಮೊಕದ್ದಮೆಯಿಂದ ವಿನಾಯಿತಿಯುಂಟು.

ಕಾನೂನು ತೆರೆದ ಬಾಗಿಲನ್ನು ಜಮಾಅತ್ ಮುಚ್ಚಬಾರದು. ಹೊರದಬ್ಬಿದ ಯುವಕ ಮರಳುವುದು ಅದೇ ಮುಚ್ಚಿದ ಕೋಣೆಗೆ. ಮಾದಕ ಮಾರುವವನ ಎದುರು ಕಠೋರರಾಗೋಣ. ಅದಕ್ಕೆ ಬಲಿಯಾದವನನ್ನು ಕೈಹಿಡಿದು ಆಸ್ಪತ್ರೆಯ ತನಕ ನಡೆಸೋಣ.