ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಹತ್ತಿರ?

2021ರ ಮಳೆಗಾಲದ ಒಂದು ಚಿತ್ರ ನಿಮಗೆ ನೆನಪಿರಬಹುದು. ಸುಳ್ಯದ ಕಡೆಯ ಒಂದು ಹಳ್ಳಿ. ಜಡಿಮಳೆ. ರಸ್ತೆ ಬದಿಯಲ್ಲಿ ಒಬ್ಬ ಹುಡುಗಿ ಮೊಬೈಲ್ ಹಿಡಿದು ಪಾಠ ಕೇಳ್ತಾ ಕೂತಿದ್ದಾಳೆ. ಪಕ್ಕದಲ್ಲಿ ಅವಳಪ್ಪ ಛತ್ರಿ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ರಸ್ತೆಗೆ ಬಂದರೆ ಸಿಗುತ್ತೆ. ಅಷ್ಟೇ ಕಥೆ. ದೇಶವೆಲ್ಲ ಆ ಚಿತ್ರ ನೋಡಿತು. ಅಪ್ಪನನ್ನು ಹೊಗಳಿತು. ಹೊಗಳಲೇಬೇಕು. ಆದರೆ ಆ ಛತ್ರಿ ಹಿಡಿಯೋ ಕೆಲಸ ನಿಜವಾಗಿ ಯಾರದಾಗಿತ್ತು? ಅದನ್ನು ನಾವು ಕೇಳಲಿಲ್ಲ.

ಇವತ್ತು ಅದೇ ಪ್ರಶ್ನೆ ಇಟ್ಟುಕೊಂಡು ಮಾತಾಡೋಣ. ಶಾಲೆಗೆ ತಂತ್ರಜ್ಞಾನ ಬೇಕಾ, ಬೇಡವಾ ಅನ್ನೋ ಚರ್ಚೆ ಮುಗಿದ ಚರ್ಚೆ. ಬೇಕು. ಹೃದಯ ಹೇಗೆ ಬಡಿಯುತ್ತೆ ಅಂತ ಕಪ್ಪು ಹಲಗೆಯ ಮೇಲೆ ಎಷ್ಟು ಚೆನ್ನಾಗಿ ಬರೆದರೂ, ಎರಡು ನಿಮಿಷದ ವಿಡಿಯೋ ತೋರಿಸಿದಷ್ಟು ಮಗುವಿಗೆ ಅರ್ಥವಾಗಲ್ಲ. ಸಮುದ್ರ ನೋಡದ ಬೀದರಿನ ಮಗುವಿಗೆ ಅಲೆ ತೋರಿಸಬಹುದು. ಆದರೆ ಯಂತ್ರ ತಂದಿಟ್ಟ ಮಾರನೇ ದಿನ ಅದನ್ನು ನೋಡಿಕೊಳ್ಳೋರು ಯಾರು? ನನ್ನ ಪ್ರಶ್ನೆ ಅದು.

ಇದೇನೂ ಹೊಸ ವಿಷಯ ಅಲ್ಲ ಸ್ವಾಮಿ. ಸುಮಾರು ಐವತ್ತು ವರ್ಷ ಹಿಂದೆ ಹೋಗಿ. 1975ರ ಆಗಸ್ಟ್ 1. ಬೆಂಗಳೂರಿಗೆ ಆಗಿನ್ನೂ ದೂರದರ್ಶನ ಕೇಂದ್ರ ಬಂದಿರಲಿಲ್ಲ. ಆದರೆ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿವಿ ಹತ್ತಿಕೊಂಡಿತು. ಅಮೆರಿಕದ ನಾಸಾ ಕೊಟ್ಟ ಉಪಗ್ರಹ, ನಮ್ಮ ಇಸ್ರೋದ ಯೋಜನೆ. 'ಸೈಟ್' ಅಂತ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕೋಳಿ ಬಲೆಯ ತಂತಿಯಿಂದ ಮಾಡಿದ ದೊಡ್ಡ ಆಂಟೆನಾ, ಕೆಳಗೊಂದು ಟಿವಿ. ಬೆಳಗ್ಗೆ ಶಾಲೆ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಊರಿನವರಿಗೆ. ನಮ್ಮ ಹಳ್ಳಿಗಳಿಗೆ ಕನ್ನಡದಲ್ಲೇ ಬರ್ತಿತ್ತು.

ಆ ಕಾಲದ ಜನ ಮಾಡಿದ ಒಂದು ಕೆಲಸ ಗಮನಿಸಿ. ಹಳ್ಳಿಯಲ್ಲಿ ಟಿವಿ ಕೆಟ್ಟೇ ಕೆಡುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ರಿಪೇರಿಗೆ ನಿರ್ವಹಣಾ ಕೇಂದ್ರಗಳನ್ನು ಮಾಡಿದರು. ರಜೆಯಲ್ಲಿ ಸಾವಿರಾರು ಪ್ರಾಥಮಿಕ ಶಾಲೆ ಶಿಕ್ಷಕರಿಗೆ ಅದೇ ಟಿವಿ ಮೂಲಕ ವಿಜ್ಞಾನ ಕಲಿಸೋ ತರಬೇತಿ ಕೊಟ್ಟರು. ಅಂದರೆ ಯಂತ್ರದ ಜೊತೆ ಮೆಕ್ಯಾನಿಕ್ಕನ್ನೂ ಮೇಷ್ಟ್ರನ್ನೂ ಲೆಕ್ಕಕ್ಕೆ ತಗೊಂಡಿದ್ದರು. ಒಂದೇ ವರ್ಷದ ಪ್ರಯೋಗ, 1976ರ ಜುಲೈಗೆ ಮುಗೀತು. ಆದರೆ ಅವರು ಕೇಳಿಕೊಂಡ ಪ್ರಶ್ನೆ ಸರಿಯಾಗಿತ್ತು.

ಆಮೇಲೆ 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಹಾರಿತು. ಪ್ರಾಥಮಿಕ ಶಾಲೆಗಳಿಗೆ ಅದರ ಪ್ರಯೋಗ ನಡೆದದ್ದು ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ. ಉಪಗ್ರಹದ ಆಯಸ್ಸು 2010ಕ್ಕೆ ಮುಗೀತು. ಈ ನಡುವೆ ರೇಡಿಯೋದಲ್ಲಿ 'ಕೇಳಿ ಕಲಿ', 'ಚಿನ್ನರ ಚುಕ್ಕಿ' ಬಂದವು. ರೇಡಿಯೋ ಹಾಡು ಹಾಡಿಸುತ್ತೆ, ಪ್ರಶ್ನೆ ಕೇಳುತ್ತೆ, ಮಕ್ಕಳ ಉತ್ತರಕ್ಕೆ ಒಂದಿಷ್ಟು ಹೊತ್ತು ಸುಮ್ಮನಾಗುತ್ತೆ. ಆ ಮೌನದಲ್ಲಿ ಮೇಷ್ಟ್ರು ಕೆಲಸ ಮಾಡಬೇಕು. ಅಗ್ಗದ ಯಂತ್ರ, ಆದರೆ ಮೇಷ್ಟ್ರಿಗೆ ಜಾಗ ಬಿಟ್ಟ ಯಂತ್ರ.

ಈಗ ನಮ್ಮ ಕಾಲಕ್ಕೆ ಬನ್ನಿ. ಎಷ್ಟೋ ಊರುಗಳಲ್ಲಿ ನೀವೇ ನೋಡಿರ್ತೀರಿ. ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೋಣೆ. ಬಾಗಿಲಿಗೆ ಬೀಗ. ಒಳಗೆ ಧೂಳು ಬೀಳಬಾರದು ಅಂತ ಹೊದಿಸಿದ ಬಟ್ಟೆಯ ಮೇಲೆ ಧೂಳು. ಯುಪಿಎಸ್ ಬ್ಯಾಟರಿಯನ್ನು ಚಾರ್ಜ್ ಮಾಡದೆ ತಿಂಗಳುಗಟ್ಟಲೆ ಬಿಟ್ಟರೆ ಅದು ತಾನಾಗೇ ಸಾಯುತ್ತೆ. ಅದು ಸತ್ತರೆ ಕರೆಂಟ್ ಹೋದಾಗ ಕಂಪ್ಯೂಟರೂ ಹೋಗುತ್ತೆ. ಹೊಸ ಬ್ಯಾಟರಿಗೆ ಯಾವ ಲೆಕ್ಕದಿಂದ ದುಡ್ಡು ತೆಗೀಬೇಕು? ಹೆಡ್‌ಮಾಸ್ಟರಿಗೆ ಗೊತ್ತಿಲ್ಲ. ಮಕ್ಕಳು ಮುಟ್ಟಿ ಕೆಟ್ಟರೆ ಉತ್ತರ ಕೊಡೋರು ಯಾರು? ಹೆಡ್‌ಮಾಸ್ಟರೇ! ಹಾಗಾಗಿ ಬೀಗ. ಅವರನ್ನು ಬೈಯೋದು ಸುಲಭ. ಆದರೆ ಕೆಟ್ಟರೆ ಶಿಕ್ಷೆ, ಬಳಸದಿದ್ದರೆ ಏನೂ ಇಲ್ಲ ಅನ್ನೋ ವ್ಯವಸ್ಥೆಯಲ್ಲಿ ನೀವಾದರೂ ಏನು ಮಾಡ್ತಿದ್ರಿ? ಬೀಗವನ್ನೇ ಹಾಕ್ತಿದ್ರಿ.

ಕೊರೊನಾ ಕಾಲ ಇದನ್ನೆಲ್ಲ ಬಯಲಿಗೆ ತಂತು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದವು. ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ' ಶುರು ಮಾಡಿತು. ಆಗ ಮಕ್ಕಳನ್ನು ಹೇಗೆ ಗುಂಪು ಮಾಡಿದರು ಗೊತ್ತಾ? ಮನೆಯಲ್ಲಿ ಸ್ಮಾರ್ಟ್‌ಫೋನ್, ಇಂಟರ್‌ನೆಟ್ ಎರಡೂ ಇರೋರು, ಬರೀ ಸಾದಾ ಫೋನ್ ಇರೋರು, ಯಾವ ಫೋನೂ ಇಲ್ಲದೋರು. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಮಕ್ಕಳು ಮೂರು ಪಾಲಾದರು. ಯಾವ ಫೋನೂ ಇಲ್ಲದ ಮಗುವಿನ ಹತ್ತಿರ ಕೊನೆಗೆ ಹೋದದ್ದು ಯಾವ ಯಂತ್ರ? ಯಾವುದೂ ಅಲ್ಲ. ಮೇಷ್ಟ್ರು, ಟೀಚರಮ್ಮ ನಡೆದು ಹೋದರು. ಅರಳಿಕಟ್ಟೆ ಮೇಲೆ, ಗುಡಿ ಜಗಲಿಯಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಗ ಆ ಮಕ್ಕಳ ಪಾಲಿಗೆ ಏನೂ ಉಳಿಯಲಿಲ್ಲ.

ಇದರಲ್ಲಿ ನಮ್ಮ ತಪ್ಪೂ ಇದೆ. ನಾವು, ಅಂದರೆ ಟಿವಿಯವರು. ಸ್ಮಾರ್ಟ್ ಕ್ಲಾಸ್ ಉದ್ಘಾಟನೆ ಅಂದರೆ ಕ್ಯಾಮೆರಾ ಹೋಗುತ್ತೆ. ರಿಬ್ಬನ್ ಕತ್ತರಿಸೋದು ತೋರಿಸ್ತೀವಿ, ಮಂತ್ರಿಗಳ ಬೈಟ್ ತಗೋತೀವಿ. ಒಂದು ವರ್ಷದ ಮೇಲೆ ಅದೇ ಕೋಣೆಗೆ ಮತ್ತೆ ಕ್ಯಾಮೆರಾ ತಗೊಂಡು ಹೋಗಿದ್ದೀವಾ? ಬಹಳ ಕಡಿಮೆ. ಕೊಟ್ಟಿದ್ದು ಸುದ್ದಿಯಾಗುತ್ತೆ. ಕೆಟ್ಟಿದ್ದು ಸುದ್ದಿಯಾಗಲ್ಲ. ಈ ಲೆಕ್ಕ ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಪರಿಹಾರ? ನಿಮ್ಮ ಊರಿನ ಸರ್ಕಾರಿ ಶಾಲೆಗೆ ಒಂದು ಎಸ್‌ಡಿಎಂಸಿ ಇರುತ್ತೆ, ಪೋಷಕರೇ ಇರೋ ಸಮಿತಿ. ಮುಂದಿನ ಸಭೆಯಲ್ಲಿ ಮೂರೇ ಮೂರು ಪ್ರಶ್ನೆ ಕೇಳಿ. ಒಂದು, ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ, ಹೋದ ವಾರ ಎಷ್ಟು ಸಲ ಬಾಗಿಲು ತೆಗೆದಿದ್ದಾರೆ? ಎರಡು, ಕೆಟ್ಟರೆ ರಿಪೇರಿಗೆ ದುಡ್ಡು ಯಾವ ಲೆಕ್ಕದಲ್ಲಿದೆ? ಮೂರು, ಅದನ್ನು ಬಳಸಿ ಪಾಠ ಮಾಡೋಕೆ ಯಾವ ಶಿಕ್ಷಕರಿಗೆ ತರಬೇತಿ ಆಗಿದೆ? ಉತ್ತರ ಸಿಗದಿದ್ದರೆ ಬರೆದು ಬಿಇಒ ಆಫೀಸಿಗೆ ಕೊಡಿ. ಜಗಳ ಬೇಡ, ಪ್ರಶ್ನೆ ಸಾಕು.

ಇನ್ನೊಂದು ಮಾತು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ 'ದೀಕ್ಷಾ' ವೇದಿಕೆಯಲ್ಲಿ ಪಾಠ ತೆರೆದುಕೊಳ್ಳುತ್ತೆ. ನಿಮ್ಮ ಜೇಬಲ್ಲಿ ಫೋನ್ ಇದ್ದರೆ ಇವತ್ತು ರಾತ್ರಿ ಹತ್ತು ನಿಮಿಷ ಮಗುವಿನ ಪಕ್ಕ ಕೂತು ಒಂದು ಪಾಠ ನೋಡಿ. ಫೋನ್ ಕೊಟ್ಟು ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂರಿ.

ಸುಳ್ಯದ ಆ ಅಪ್ಪ ಮಾಡಿದ್ದೂ ಅದನ್ನೇ ಅಲ್ವಾ? ನೆಟ್‌ವರ್ಕ್ ತರೋದು ಅವರ ಕೈಯಲ್ಲಿರಲಿಲ್ಲ. ಪಕ್ಕದಲ್ಲಿ ನಿಲ್ಲೋದು ಇತ್ತು, ನಿಂತರು. ಉಳಿದದ್ದು ಸರ್ಕಾರದ ಕೆಲಸ. ಆ ಕೆಲಸ ಆಯ್ತಾ ಅಂತ ಕೇಳೋದು ನಮ್ಮ, ನಿಮ್ಮ ಕೆಲಸ. ಯೋಚನೆ ಮಾಡಿ.