ಹಳೆಯ ಕಂಪ್ಯೂಟರಿಗೆ ಹೊಸ ಜೀವ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಬೀದರಿನಲ್ಲಿ 1472ರಲ್ಲಿ ಮಹಮೂದ್ ಗವಾನರು ಮದರಸಾ ಕಟ್ಟಿಸಿದಾಗ ಅದರೊಳಗೆ ಗ್ರಂಥಾಲಯವನ್ನೂ ಇರಿಸಿದರು. ಗ್ರಂಥ ಕೊಳ್ಳಲಾಗದವನೂ ಓದಬೇಕಲ್ಲವೇ? ಇಂದು ಅದೇ ಮಾತು ಕಂಪ್ಯೂಟರಿಗೂ ಅನ್ವಯಿಸುತ್ತದೆ. ಔರಾದಿನ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬಸ್ಸು ಹಿಡಿದು ಬೀದರಿಗೆ ಬಂದರೆ ಒಂದು ದಿನದ ಪಾಠ ಹೋಯಿತು. ಅದೇ ಹೊತ್ತಿನಲ್ಲಿ ಬೀದರ್, ಭಾಲ್ಕಿಗಳ ಎಷ್ಟೋ ಮನೆಗಳಲ್ಲಿ ಹಳೆಯ ಡೆಸ್ಕ್‌ಟಾಪು ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿದೆ. ಕೇಳಿದರೆ, "ಬಹಳ ಸ್ಲೋ ಆಗಿದೆ" ಎನ್ನುತ್ತೇವೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ನನ್ನ ಕಂಪ್ಯೂಟರ್ ತೆರೆದುಕೊಳ್ಳಲು ಹತ್ತು ನಿಮಿಷ ಬೇಕಾಗುತ್ತಿತ್ತು. ಯಾರೋ "ರ‍್ಯಾಮ್ ಹಾಕಿಸಿ" ಎಂದರು. ವಿಚಾರಿಸದೆ ಡಿಡಿಆರ್4 ತಂದೆ. ನನ್ನ ಮದರ್‌ಬೋರ್ಡು ಡಿಡಿಆರ್3ರದು. ಎರಡರ ಕಚ್ಚು ಬೇರೆ ಬೇರೆ, ಕೂರಲೇ ಇಲ್ಲ. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ರೋಗ ತಿಳಿಯದೆ ಔಷಧಿ ಕೊಂಡಿದ್ದೆ!

ಆದ್ದರಿಂದ ಹಣ ಖರ್ಚು ಮಾಡುವ ಮೊದಲು ರೋಗ ಯಾವುದೆಂದು ನೋಡಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಕೆಲಸ ನಿಂತಾಗ ಡಿಸ್ಕ್ 100 ಪ್ರತಿಶತ ತೋರಿಸುತ್ತಿದ್ದರೆ ಹಾರ್ಡ್ ಡಿಸ್ಕೇ ಅಡ್ಡಿ. ಮೆಮೊರಿ ತುಂಬಿದ್ದರೆ ರ‍್ಯಾಮ್ ಸಾಲದು. ಹಳೆಯ ಯಂತ್ರಗಳಲ್ಲಿ ಬಹುಪಾಲು ಮೊದಲನೆಯದೇ ಕಾರಣ. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗಬೇಕು, ಮುಳ್ಳು ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಆದ್ದರಿಂದ ಮೊದಲ ಹಣ ಎಸ್‌ಎಸ್‌ಡಿಗೆ ಹೋಗಲಿ. ಹಳೆಯ ಬೋರ್ಡಿಗೆ 2.5 ಇಂಚಿನ ಸಾಟಾ ಮಾದರಿ ಸಾಕು. ದಿನನಿತ್ಯದ ಕೆಲಸಕ್ಕೆ 240 ಅಥವಾ 256 ಜಿಬಿ ಸಾಕು. ಹಳೆಯ ಡಿಸ್ಕ್ ಫೋಟೋ, ಪಾಠಗಳನ್ನು ಇಡಲು ಬರುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಿ. ಬೆಲೆ ಏರಿಳಿಯುತ್ತಲೇ ಇರುತ್ತದೆ, ಎರಡು ಅಂಗಡಿ ವಿಚಾರಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿನ ಗೋಜಿಗೆ ಹೋಗಬೇಡಿ.

ಕೆಲವು ಕೆಲಸಗಳಿಗೆ ಹಣವೇ ಬೇಡ. ಪ್ಲಗ್ ತೆಗೆದು ಒಳಗಿನ ಧೂಳನ್ನು ಮೆತ್ತಗಿನ ಬ್ರಷ್‌ನಿಂದ ತೆಗೆಯಿರಿ. ಆದರೆ ಪವರ್ ಸಪ್ಲೈ ಡಬ್ಬಿ ಬಿಚ್ಚಬೇಡಿ, ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಸಿಆರ್2032 ಎಂಬ ಬಿಲ್ಲೆ ಬ್ಯಾಟರಿ ಬದಲಿಸಿ. ತಾರೀಖು ತಪ್ಪಾಗಿದ್ದರೆ ಅರ್ಜಿಯ ಜಾಲತಾಣಗಳೂ ತೆರೆಯುವುದಿಲ್ಲ.

ಇನ್ನೊಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಕೇಳುತ್ತದೆ, ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಹಾಗೆಂದು ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಮಿಂಟ್ ಉಚಿತ. ಬರವಣಿಗೆಗೆ ಲಿಬ್ರೆ ಆಫೀಸ್ ಇದೆ, ಕನ್ನಡ ಯೂನಿಕೋಡಿನಲ್ಲಿ ಮೂಡುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಫೈಲುಗಳಿದ್ದರೆ ಮೊದಲೇ ಯೂನಿಕೋಡಿಗೆ ಪರಿವರ್ತಿಸಿ. ಎಲ್ಲದರ ಪ್ರತಿ ಬೇರೆಡೆ ಇಟ್ಟುಕೊಳ್ಳದೆ ಏನನ್ನೂ ಮುಟ್ಟಬೇಡಿ.

ವಿದ್ಯಾರ್ಥಿಗಳೇ, ಇದನ್ನು ಕಲಿಯಲು ಪದವಿ ಬೇಡ, ಒಂದು ಸ್ಕ್ರೂಡ್ರೈವರ್ ಮತ್ತು ತಾಳ್ಮೆ ಸಾಕು. ಸದಸ್ಯರೇ, ಬಟ್ಟೆ ಹೊದ್ದ ಆ ಯಂತ್ರವನ್ನು ಹೊರಗೆ ತೆಗೆಯಿರಿ. ನಿಮ್ಮ ಖಾಸಗಿ ಮಾಹಿತಿಯನ್ನು ಪೂರ್ತಿ ಅಳಿಸಿ ಸಂಘಕ್ಕೆ ಕೊಡಿ. ಎರಡು ಕೆಟ್ಟವುಗಳಿಂದ ಒಂದು ಒಳ್ಳೆಯದಾದರೂ ಆದೀತು. ಅದು ಔರಾದಿನ ಒಂದು ಮನೆ ತಲುಪಿದರೆ ಒಬ್ಬ ಹುಡುಗಿಯ ಒಂದು ದಿನದ ಪಾಠ ಉಳಿಯುತ್ತದೆ.